ಲೈಬ್ರರಿಯಲ್ಲಿರುವ ಮೇಷ್ಟರು

ತರೀಕೆರೆ, ಕಡೂರು, ಅಜ್ಜಂಪುರದ ಕಡೆ ಡಿಗ್ರಿಯ ಕೊನೆಯ ವರ್ಷದಲ್ಲಿರುವವರನ್ನು ಮುಂದೇನು ಎಂದು ಕೇಳಿದರೆ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ. ಬಿ.ಇಡಿ. ಮಾಡಿ ಮೇಷ್ಟರಾಗುವುದು, ಎಫ್‌ಡಿಎ, ಪಿಡಿಒ ಅಥವಾ ಪಿಎಸ್‌ಐ ಪರೀಕ್ಷೆ ಬರೆಯುವುದು, ಬೆಂಗಳೂರಿಗೆ ಹೋಗಿ ಸಿಕ್ಕ ಕೆಲಸ ಹಿಡಿಯುವುದು, ತೋಟ ಇದ್ದರೆ ಅಡಿಕೆ ನೋಡಿಕೊಂಡು ಊರಲ್ಲೇ ಉಳಿಯುವುದು. ಕಾಲೇಜಿನ ಗ್ರಂಥಪಾಲಕನಾಗುತ್ತೇನೆ ಎನ್ನುವವರು ಅಪರೂಪ. ಆ ವೃತ್ತಿಯಲ್ಲಿ ಈಗಾಗಲೇ ಇರುವವರಲ್ಲೂ ಬೇರೆ ವಿಷಯಕ್ಕೆ ಸೀಟು ಸಿಗದೆ ಇತ್ತ ತಿರುಗಿದವರು ಕಡಿಮೆ ಇಲ್ಲ. ಮಕ್ಕಳ ಕಣ್ಣಿಗೆ ಲೈಬ್ರರಿಯನ್ ಎಂದರೆ ಕಾರ್ಡಿಗೆ ಸೀಲು ಹಾಕುವವರು, ತಡವಾದರೆ ದಂಡ ಕೇಳುವವರು, ಟಿ.ಸಿ. ತೆಗೆದುಕೊಳ್ಳುವ ದಿನ ‘ನೋ ಡ್ಯೂ’ಗೆ ಸಹಿ ಮಾಡುವವರು.

ನನ್ನ ಅಭಿಪ್ರಾಯ ಇದಕ್ಕೆ ತೀರಾ ಬೇರೆ. ತಾಲ್ಲೂಕು ಕೇಂದ್ರದಲ್ಲಿ ಬದುಕು ಕಟ್ಟಿಕೊಳ್ಳಬೇಕೆನ್ನುವ, ಓದಿನಲ್ಲಿ ಆಸಕ್ತಿಯಿರುವ, ಮನುಷ್ಯರ ಜತೆ ಮಾತಾಡುವ ತಾಳ್ಮೆಯಿರುವ ಯುವಕ ಯುವತಿಯರಿಗೆ ಕಾಲೇಜು ಗ್ರಂಥಪಾಲಕರ ಕೆಲಸಕ್ಕಿಂತ ತೃಪ್ತಿ ಕೊಡುವ ವೃತ್ತಿಗಳು ಹೆಚ್ಚಿಲ್ಲ. ಆದರೆ ಆ ತೃಪ್ತಿ ನೇಮಕಾತಿ ಆದೇಶದ ಜತೆಗೇ ಬರುವುದಿಲ್ಲ. ಪುಸ್ತಕ ಕಾಯುವುದಷ್ಟೇ ತನ್ನ ಕೆಲಸ ಎಂದುಕೊಂಡವರಿಗೆ ಇದು ಮೂವತ್ತು ವರ್ಷದ ಬೇಸರ. ಓದುವ ಮಕ್ಕಳು ತನ್ನ ಹೊಣೆ ಎಂದುಕೊಂಡವರಿಗೆ ಮೂವತ್ತು ವರ್ಷದ ಮೇಷ್ಟರಿಕೆ. ಈ ಎರಡರ ನಡುವಿನ ಅಂತರ ಸ್ವಲ್ಪಮಟ್ಟಿಗೆ ಆ ವ್ಯಕ್ತಿಯ ಕೈಯಲ್ಲಿದೆ, ಬಹಳಮಟ್ಟಿಗೆ ಕಾಲೇಜಿನ ಕೈಯಲ್ಲಿದೆ.

ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರ ಬದುಕನ್ನೇ ನೋಡಬಹುದು. 1892ರಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಹುಟ್ಟಿದ ಅವರು ಮೂಲತಃ ಗಣಿತದ ಅಧ್ಯಾಪಕರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಶುರುಮಾಡಿ, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ತರಗತಿಯ ಗದ್ದಲಕ್ಕೆ ಒಗ್ಗಿದ ಮನಸ್ಸಿಗೆ ಆ ಮೌನ, ಆ ಖಾಲಿತನ ಸಹಿಸಲಾಗಲಿಲ್ಲ. ಕೆಲವೇ ದಿನಗಳಲ್ಲಿ, ತಮ್ಮನ್ನು ಪಾಠಕ್ಕೇ ವಾಪಸ್ ಕಳಿಸಿ ಎಂದು ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯ ಶಿಕ್ಷಣ ಪಡೆದು ಬನ್ನಿ, ಆಮೇಲೂ ಬೇಡವೆನಿಸಿದರೆ ಕಾಲೇಜಿಗೆ ಮರಳಬಹುದು ಎಂಬ ಒಪ್ಪಂದವಾಯಿತು.

ಲಂಡನ್ನಿನಲ್ಲಿ ಅವರು ಗ್ರಂಥಾಲಯಗಳನ್ನು ಬಳಸುತ್ತಿದ್ದ ಜನರನ್ನು ನೋಡಿದರು. ಮಕ್ಕಳು, ಕೂಲಿ ಕೆಲಸದವರು, ಮನೆವಾರ್ತೆಯ ಹೆಂಗಸರು ಎಲ್ಲರೂ ತಮಗೆ ಬೇಕಾದ್ದನ್ನು ಹುಡುಕಿಕೊಂಡು ಬರುವುದನ್ನು, ಅವರಿಗೆ ನೆರವಾಗಲೆಂದೇ ಅಲ್ಲಿ ಸಿಬ್ಬಂದಿ ಇರುವುದನ್ನು ಕಂಡರು. 1925ರಲ್ಲಿ ಮದರಾಸಿಗೆ ಮರಳಿದ ರಂಗನಾಥನ್ ಗಣಿತದ ತರಗತಿಗೆ ಹೋಗುವ ಮಾತೆತ್ತಲಿಲ್ಲ. ಎರಡು ದಶಕ ಅದೇ ಗ್ರಂಥಾಲಯದಲ್ಲಿ ಉಳಿದು, ಕಪಾಟುಗಳನ್ನು ಓದುಗರಿಗೆ ತೆರೆದರು, ಓದುಗರ ಪ್ರಶ್ನೆಗೆ ಉತ್ತರಿಸಲೆಂದೇ ಸಿಬ್ಬಂದಿ ನೇಮಿಸಿದರು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಹೇಳುವ ಪುಸ್ತಕವನ್ನು 1931ರಲ್ಲಿ, ಕೋಲನ್ ವರ್ಗೀಕರಣವನ್ನು 1933ರಲ್ಲಿ ಪ್ರಕಟಿಸಿದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಡಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಲಂಡನ್ನಿನಿಂದ ಮರಳಿದಾಗ ಅವರ ಹುದ್ದೆ ಬದಲಾಗಿರಲಿಲ್ಲ, ಕಟ್ಟಡವೂ ಬದಲಾಗಿರಲಿಲ್ಲ. ಬದಲಾದದ್ದು ಆ ಹುದ್ದೆ ಯಾರಿಗಾಗಿ ಇದೆ ಎಂಬ ತಿಳಿವಳಿಕೆ. ಅವರ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕ ಇರುವುದು ಬಳಕೆಗೆ ಎನ್ನುತ್ತದೆ. ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುತ್ತದೆ, ನಾಲ್ಕನೆಯದು ಓದುಗನ ಸಮಯ ಉಳಿಸು ಎನ್ನುತ್ತದೆ. ಓದುಗನನ್ನು ನಡುವೆ ನಿಲ್ಲಿಸದೆ ಇವುಗಳಲ್ಲಿ ಒಂದನ್ನೂ ಹೇಳಲು ಬರುವುದಿಲ್ಲ.

ತರೀಕೆರೆಯಂಥ ಊರಿನ ಕಾಲೇಜಿನಲ್ಲಿ ಆ ಓದುಗರು ಯಾರು? ಲಕ್ಕವಳ್ಳಿ, ಲಿಂಗದಹಳ್ಳಿ, ರಂಗೇನಹಳ್ಳಿ, ಶಿವನಿ ಕಡೆಯಿಂದ ಬೆಳಗಿನ ಬಸ್ಸು ಹತ್ತಿ ಬಂದು, ಸಂಜೆಯ ಬಸ್ಸು ತಪ್ಪೀತೆಂದು ಗಡಿಯಾರ ನೋಡುವವರು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಇವರಲ್ಲಿ ಬಹಳ. ಪಿಯುಸಿವರೆಗೆ ಪಠ್ಯಪುಸ್ತಕ ಮತ್ತು ಗೈಡು ಬಿಟ್ಟು ಮೂರನೆಯದನ್ನು ಕೈಯಲ್ಲಿ ಹಿಡಿಯದವರೂ ಇದ್ದಾರೆ. ಬೆಂಗಳೂರಿನ ವಿದ್ಯಾರ್ಥಿಗೆ ಪುಸ್ತಕದಂಗಡಿಗಳಿವೆ, ಕೋಚಿಂಗ್ ಸೆಂಟರುಗಳಿವೆ, ದಾರಿ ತೋರುವ ಸೀನಿಯರುಗಳಿದ್ದಾರೆ, ಹಲವರಿಗೆ ಓದಿದ ಅಪ್ಪ ಅಮ್ಮ ಇದ್ದಾರೆ. ಇಲ್ಲಿನ ಹುಡುಗಿಗೆ ಯಾವ ಪುಸ್ತಕ ಕೇಳಬೇಕು ಎಂದು ಹೇಳಿಕೊಡಬಲ್ಲವರು ತರಗತಿಯ ಮೇಷ್ಟರನ್ನು ಬಿಟ್ಟರೆ ಲೈಬ್ರರಿಯಲ್ಲಿರುವ ಒಬ್ಬರೇ. ದೊಡ್ಡ ವಿಶ್ವವಿದ್ಯಾಲಯದ ಗ್ರಂಥಪಾಲಕರು ರಜೆ ಹಾಕಿದರೆ ಸಂಶೋಧಕನ ಕೆಲಸ ಒಂದು ದಿನ ತಡವಾಗುತ್ತದೆ. ತಾಲ್ಲೂಕಿನ ಕಾಲೇಜಿನಲ್ಲಿ ಗ್ರಂಥಪಾಲಕರು ಕೆಲಸ ಮಾಡದಿದ್ದರೆ ಓದು ಶುರುವೇ ಆಗುವುದಿಲ್ಲ. ಹಾಗಾಗಿ ಈ ವೃತ್ತಿಯ ಬೆಲೆ ಇಲ್ಲಿಯೇ ಹೆಚ್ಚು ಎಂದು ನಾನು ನಂಬಿದ್ದೇನೆ.

ಈ ಕೆಲಸ ಪ್ರಶ್ನೆ ಬಿಡಿಸುವುದರಿಂದ ಶುರುವಾಗುತ್ತದೆ. “ಸರ್, ಹಿಸ್ಟರಿ ಬುಕ್ ಇದೆಯಾ?” ಎಂದು ಕೇಳುವ ವಿದ್ಯಾರ್ಥಿಗೆ ಬೇಕಿರುವುದು ಇತಿಹಾಸದ ಪುಸ್ತಕ ಅಲ್ಲದಿರಬಹುದು. ಯಾವ ಸೆಮಿಸ್ಟರು, ಅಸೈನ್‌ಮೆಂಟೋ ಪರೀಕ್ಷೆಯೋ, ಮೇಷ್ಟರು ಏನು ಹೇಳಿದರು ಎಂದು ಎರಡು ಮಾತು ಕೇಳಿದರೆ ನಿಜವಾದ ಪ್ರಶ್ನೆ ಹೊರಗೆ ಬರುತ್ತದೆ: ಅಮೃತಾಪುರದ ದೇವಸ್ಥಾನದ ಬಗ್ಗೆ ಐದು ಪುಟ ಬರೆಯಬೇಕಾಗಿದೆ. ಹೊಯ್ಸಳ ಎರಡನೇ ಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯ ತರೀಕೆರೆಯಿಂದ ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರುವಷ್ಟು ಹತ್ತಿರ. ಅಲ್ಲಿ ನಿಂತಿರುವ ದೊಡ್ಡ ಶಾಸನದ ಪದ್ಯಗಳು ಕವಿ ಜನ್ನನವು. ಕನ್ನಡ ತರಗತಿಯಲ್ಲಿ ‘ಯಶೋಧರ ಚರಿತೆ’ ಬರೆದವನೆಂದು ಹೆಸರು ಕೇಳಿದ ಜನ್ನನೇ ಇವನು ಎಂದು ಯಾರಾದರೂ ಹೇಳಬೇಕು.

ಆ ಶಾಸನದ ಪಾಠ ಎಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೇ ಸಂಪುಟದಲ್ಲಿ ಈ ಸೀಮೆಯ ಶಾಸನಗಳಿವೆ, ಅದು 1901ರಲ್ಲಿ ಅಚ್ಚಾದದ್ದು. ಚಿಕ್ಕಮಗಳೂರು ಜಿಲ್ಲೆ ಎಂದು ಹುಡುಕುವ ವಿದ್ಯಾರ್ಥಿಗೆ ಆ ಸಂಪುಟ ಕಣ್ಣಿಗೇ ಬೀಳುವುದಿಲ್ಲ. ಯಾಕೆಂದರೆ 1947ರವರೆಗೆ ಈ ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಸಂಪುಟದ ಮೇಲೆ ಇರುವುದೂ ಅದೇ ಹೆಸರು. ಹಳೆಯ ಗೆಜೆಟಿಯರ್, ಹಳೆಯ ಆಡಳಿತ ವರದಿ ಯಾವುದನ್ನು ತೆರೆದರೂ ಇದೇ ತೊಡಕು. ಇದನ್ನು ಬಲ್ಲ ಗ್ರಂಥಪಾಲಕರು ಒಂದು ಮಾತಿನಲ್ಲಿ ದಾರಿ ತೋರುತ್ತಾರೆ. ಬಲ್ಲವರು ಇಲ್ಲದ ಕಡೆ ವಿದ್ಯಾರ್ಥಿ ಅಂತರ್ಜಾಲದಲ್ಲಿ ಸಿಕ್ಕ ನಾಲ್ಕು ಸಾಲು ನಕಲು ಮಾಡಿ ಕೊಟ್ಟು, ತನ್ನ ಊರಿನ ಚರಿತ್ರೆಗೆ ಇಷ್ಟೇ ಸಾಮಗ್ರಿ ಇರುವುದು ಎಂದು ತಿಳಿದುಕೊಂಡು ಹೋಗುತ್ತಾಳೆ.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ಹತ್ತಿರದ್ದು. ಭದ್ರಾ ಅಭಯಾರಣ್ಯದ ಒಳಗಿದ್ದ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳಿಗೆ 2002ರ ಹೊತ್ತಿಗೆ ಕಾಡಿನ ಹೊರಗೆ ಪುನರ್ವಸತಿ ಆಯಿತು. ಅವರು ಬಂದು ನೆಲೆಸಿದ ಊರುಗಳಲ್ಲಿ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿ ಒಂದು. ಆ ಸ್ಥಳಾಂತರದಿಂದ ಕುಟುಂಬಗಳಿಗೆ ಏನಾಯಿತು ಎಂದು ಮನೆಮನೆಗೆ ಹೋಗಿ ಕೇಳಿ, ಕೃತಿ ಕಾರಂತ ಅವರು ಬರೆದ ಅಧ್ಯಯನ 2007ರಲ್ಲಿ ‘ಬಯಾಲಾಜಿಕಲ್ ಕನ್ಸರ್ವೇಶನ್’ ಎಂಬ ಅಂತರರಾಷ್ಟ್ರೀಯ ನಿಯತಕಾಲಿಕದಲ್ಲಿ ಪ್ರಕಟವಾಗಿದೆ. ಪ್ರಪಂಚದ ಬೇರೆ ಬೇರೆ ಕಡೆ ವನ್ಯಜೀವಿ ಸಂರಕ್ಷಣೆ ಓದುವವರಿಗೆ ಆ ಲೇಖನ ಗೊತ್ತು. ಎಂ.ಸಿ. ಹಳ್ಳಿಯಿಂದ ಕಾಲೇಜಿಗೆ ಬರುವ ಮಕ್ಕಳಿಗೆ, ತಮ್ಮ ಅಜ್ಜ ಅಜ್ಜಿ ಅಪ್ಪ ಅಮ್ಮಂದಿರು ಕಾಡು ಬಿಟ್ಟು ಬಂದ ಕತೆ ಹೀಗೊಂದು ಕಡೆ ದಾಖಲಾಗಿದೆ ಎಂದು ಹೇಳುವವರು ಯಾರು? ಆ ಲೇಖನ ತೆಗೆದುಕೊಟ್ಟು, ಅದರ ಇಂಗ್ಲಿಷನ್ನು ಅರ್ಥಮಾಡಿಕೊಳ್ಳಲು ಜತೆಗೆ ಕೂತು, ನಿಮ್ಮ ಮನೆಯವರು ಹೇಳುವುದಕ್ಕೂ ಇದಕ್ಕೂ ಹೊಂದುತ್ತದೆಯೇ ಕೇಳಿ ನೋಡು ಎಂದು ಹೇಳಿದರೆ, ಅಲ್ಲಿಂದ ಒಬ್ಬ ಸಂಶೋಧಕಿ ಹುಟ್ಟಬಹುದು. ಇದು ಪಾಠವಲ್ಲದೆ ಮತ್ತೇನು?

ಗ್ರಂಥಾಲಯದಲ್ಲಿ ಕೂತವರ ತಿಳಿವಳಿಕೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ದೊಡ್ಡ ಉದಾಹರಣೆಯಿದೆ. 1891ರಲ್ಲಿ ಮೈಸೂರಿನಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಯ ಗ್ರಂಥಪಾಲಕರಾಗಿದ್ದವರು ಆರ್. ಶಾಮಶಾಸ್ತ್ರಿಗಳು. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟಿದ್ದ ತಾಳೆಗರಿಯ ಕಟ್ಟೊಂದು 1905ರಲ್ಲಿ ಅವರ ಕೈಗೆ ಬಂತು. ಗ್ರಂಥ ಲಿಪಿಯಲ್ಲಿದ್ದ ಅದನ್ನು ಓದಿ, ಹೆಸರಷ್ಟೇ ಉಳಿದು ಕಣ್ಮರೆಯಾಗಿತ್ತೆಂದು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಇದೇ ಎಂದು ಗುರುತಿಸಿದರು. 1909ರಲ್ಲಿ ಮೂಲವನ್ನು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಜಗತ್ತು ತಿಳಿದಿದ್ದುದನ್ನು ತಿದ್ದಿ ಬರೆಯಬೇಕಾಯಿತು. ಬಂದ ಕಟ್ಟಿಗೆ ಒಂದು ಸಂಖ್ಯೆ ಕೊಟ್ಟು ಬೀರುವಿನಲ್ಲಿ ಇಟ್ಟಿದ್ದರೂ ಅವರ ಕರ್ತವ್ಯ ಮುಗಿಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ತಾಲ್ಲೂಕಿನ ಕಾಲೇಜಿಗೆ ತಾಳೆಗರಿ ಬಾರದಿರಬಹುದು. ಆದರೆ ತರೀಕೆರೆ–ನರಸಿಂಹರಾಜಪುರದ ನಡುವೆ ಓಡಿದ ಹಳೆಯ ಟ್ರಾಮ್‌ನ ಚಿತ್ರಗಳು, ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟುವಾಗಿನ ಕಾಗದಪತ್ರ, ಅಜ್ಜಂಪುರದ ಅಮೃತಮಹಲ್ ಕಾವಲಿನ ವಿವರ, ಅದೇ ಊರಿನ ಕತೆಗಾರ ಆನಂದರ ಪುಸ್ತಕಗಳ ಹಳೆಯ ಮುದ್ರಣ ಇವೆಲ್ಲ ಯಾರದೋ ಮನೆಯ ಅಟ್ಟದಲ್ಲಿ ಇರಬಹುದು. ಕಾಲೇಜಿನ ಗ್ರಂಥಾಲಯ ಅವುಗಳಿಗೆ ಒಂದು ಕಪಾಟು ಮೀಸಲಿಟ್ಟರೆ ಸ್ಥಳೀಯ ಸಂಗ್ರಹವೊಂದು ಶುರುವಾಗುತ್ತದೆ. ಬೆಂಗಳೂರಿನ ಯಾವ ದೊಡ್ಡ ಗ್ರಂಥಾಲಯವೂ ತರೀಕೆರೆಯ ಪರವಾಗಿ ಈ ಕೆಲಸ ಮಾಡಿಕೊಡುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಎಲ್ಲ ಫೋನಿನಲ್ಲೇ ಸಿಗುವಾಗ ಗ್ರಂಥಪಾಲಕರು ಯಾಕೆ ಎಂಬುದು. ಪ್ರಶ್ನೆ ಪ್ರಾಮಾಣಿಕವಾದದ್ದೇ. ಆದರೆ ಫೋನಿನಲ್ಲಿ ಸಿಗುವುದರಲ್ಲಿ ಒಳ್ಳೆಯದು ಯಾವುದೂ ತಾನಾಗಿ ಮೇಲೆ ಬಂದು ಕೂರುವುದಿಲ್ಲ. ವಾಟ್ಸ್ಯಾಪಿನಲ್ಲಿ ಹರಿದಾಡುವ ಪಿಡಿಎಫ್ ನೋಟ್ಸಿಗೆ ಬರೆದವರ ಹೆಸರಿಲ್ಲ, ವರ್ಷವಿಲ್ಲ. ಈಚೆಗೆ ಎಐ ತಂತ್ರಾಂಶಗಳು ಇಲ್ಲದ ಪುಸ್ತಕಕ್ಕೆ ಲೇಖಕರ ಹೆಸರು, ಪ್ರಕಾಶಕರ ಹೆಸರು, ಪುಟಸಂಖ್ಯೆಯನ್ನೂ ಸೇರಿಸಿ ಕೊಡುತ್ತವೆ. ವಿದ್ಯಾರ್ಥಿ ಅದನ್ನು ನಂಬಿ ಬರೆಯುತ್ತಾನೆ. ಇಂಥ ಪುಸ್ತಕ ನಿಜವಾಗಿ ಇದೆಯೇ, ಈ ಮಾತು ಅಲ್ಲಿದೆಯೇ ಎಂದು ನೋಡುವ ಬಗೆಯನ್ನು ಕಲಿಸುವುದು ಗ್ರಂಥಪಾಲಕರ ವಿದ್ಯೆಯ ನಡುಮಧ್ಯದಲ್ಲಿರುವ ವಿಷಯ. ಮಾಹಿತಿ ಹೆಚ್ಚಾದಷ್ಟೂ ಆ ವಿದ್ಯೆಯ ಅಗತ್ಯ ಹೆಚ್ಚಿದೆ.

ಜತೆಗೆ, ಅಂತರ್ಜಾಲದಲ್ಲಿರುವ ಬೆಲೆಬಾಳುವ ಸಾಮಗ್ರಿ ಪುಕ್ಕಟೆ ತೆರೆದಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 2010ರಿಂದ ನಡೆಸುತ್ತಿರುವ ಎನ್-ಲಿಸ್ಟ್ ಯೋಜನೆಯಲ್ಲಿ ಕಾಲೇಜೊಂದು ವರ್ಷಕ್ಕೆ ಸಣ್ಣ ಶುಲ್ಕ ಕಟ್ಟಿದರೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ 6,000ಕ್ಕೂ ಹೆಚ್ಚು ಇ-ಜರ್ನಲ್‌ಗಳು ಸಿಗುತ್ತವೆ. ಅದೇ ಕೇಂದ್ರದ ‘ಶೋಧಗಂಗಾ’ದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿವೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಡಲಾಗಿದೆ. 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ನಿಯತಕಾಲಿಕಗಳನ್ನು ಕೇಂದ್ರ, ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆಯುವುದು ಅದರ ಉದ್ದೇಶ. ದೆಹಲಿಯಲ್ಲಿ ಸಹಿಯಾದ ಈ ಸೌಲಭ್ಯ ಶಿವನಿಯಿಂದ ಬರುವ ಹುಡುಗನವರೆಗೆ ತಲುಪಬೇಕಾದರೆ ನಡುವೆ ಒಬ್ಬರು ನಿಂತು ಕಾಲೇಜನ್ನು ನೋಂದಾಯಿಸಬೇಕು, ಲಾಗಿನ್ ಮಾಡಿಕೊಡಬೇಕು, ಹುಡುಕುವುದು ಹೇಗೆಂದು ಪಕ್ಕದಲ್ಲಿ ಕೂತು ತೋರಿಸಬೇಕು. ಅದರಲ್ಲಿ ಇರುವುದು ಬಹುತೇಕ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯ ನಿಘಂಟುಗಳನ್ನು, ರಾಜ್ಯ ಸರ್ಕಾರದ ‘ಕಣಜ’ ಜಾಲತಾಣವನ್ನು ಜತೆಗಿಟ್ಟುಕೊಂಡು ಓದುವುದನ್ನು ಕಲಿಸಬೇಕು. ಈ ಕೊನೆಯ ಹತ್ತು ಹೆಜ್ಜೆ ಜತೆಗೆ ನಡೆಯುವವರು ಇಲ್ಲದಿದ್ದರೆ ಕೋಟಿಗಟ್ಟಲೆಯ ಚಂದಾ ವ್ಯರ್ಥ.

ಕನ್ನಡದ ಪುಸ್ತಕಗಳ ವಿಷಯದಲ್ಲಂತೂ ಗ್ರಂಥಪಾಲಕರ ಹೊಣೆ ಇನ್ನೂ ದೊಡ್ಡದು. ನಮ್ಮ ಹೆಚ್ಚಿನ ಕಾಲೇಜುಗಳು ಬಳಸುವುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಪೂರ್ತಿ ವಿಭಾಗವಿದೆ. ಜರ್ಮನ್ ಸಾಹಿತ್ಯಕ್ಕೆ 830. ಸಾವಿರ ವರ್ಷಕ್ಕೂ ಮಿಕ್ಕಿದ ಕನ್ನಡ ಸಾಹಿತ್ಯ ಇರುವುದು 894.814ರಲ್ಲಿ, ಇತರ ಹಲವು ಭಾಷೆಗಳ ಸಾಲಿನ ಒಂದು ಮೂಲೆಯಲ್ಲಿ. ಪಂಪನಿಂದ ಇವತ್ತಿನ ಕತೆಗಾರರವರೆಗೆ ಎಲ್ಲರನ್ನೂ ಆ ಸಂಖ್ಯೆಯ ಬಲಕ್ಕೆ ಇನ್ನಷ್ಟು ಅಂಕಿ ಸೇರಿಸಿಯೇ ಬೇರ್ಪಡಿಸಬೇಕು. ಕಾವ್ಯ, ನಾಟಕ, ಕಾದಂಬರಿ ಎಲ್ಲ ಬೆರೆತು ಒಂದೇ ಸಂಖ್ಯೆಯಡಿ ಕೂತ ಕನ್ನಡ ವಿಭಾಗಗಳಲ್ಲಿ ಹುಡುಕುವುದು ಎಷ್ಟು ಕಷ್ಟವೆಂದು ಹುಡುಕಿದವರಿಗೆ ಗೊತ್ತು. ಕಂಪ್ಯೂಟರ್ ಬಂದ ಮೇಲೆ ಇನ್ನೊಂದು ತೊಡಕು ಸೇರಿಕೊಂಡಿತು. ಅನೇಕ ಕಡೆ ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಅಕ್ಷರಗಳಲ್ಲಿ, ಟೈಪ್ ಮಾಡಿದವರಿಗೆ ತೋಚಿದ ಕಾಗುಣಿತದಲ್ಲಿ ತುಂಬಿದ್ದಾರೆ. ‘ಮಲೆಗಳಲ್ಲಿ ಮದುಮಗಳು’ ಪುಸ್ತಕದ ಎರಡು ಪ್ರತಿ ಎರಡು ಬಗೆಯಲ್ಲಿ ನಮೂದಾಗಿದ್ದರೆ ಮೂರನೇ ಬಗೆಯಲ್ಲಿ ಹುಡುಕಿದವರಿಗೆ ಒಂದೂ ಸಿಗುವುದಿಲ್ಲ. ಕೋಹಾದಂಥ ಉಚಿತ ಗ್ರಂಥಾಲಯ ತಂತ್ರಾಂಶ ಯುನಿಕೋಡ್ ಕನ್ನಡವನ್ನು ಸರಾಗವಾಗಿ ಒಪ್ಪಿಕೊಳ್ಳುತ್ತದೆ. ಕುವೆಂಪು ಹುಟ್ಟಿದ ಜಿಲ್ಲೆಯ ಕಾಲೇಜುಗಳಲ್ಲಿ ಅವರ ಕಾದಂಬರಿಯ ಹೆಸರನ್ನು ಕನ್ನಡದಲ್ಲೇ ಹುಡುಕಲು ಬರಬೇಕು ಎಂದು ಕೇಳುವುದು ಅತಿಯಾದ ಬಯಕೆಯಲ್ಲ. ಹಟ ಹಿಡಿದು ಕೂತ ಒಬ್ಬ ಗ್ರಂಥಪಾಲಕರು ಒಂದೆರಡು ವರ್ಷದಲ್ಲಿ ಇದನ್ನು ಮಾಡಿ ಮುಗಿಸಬಲ್ಲರು. ಅದರ ಫಲ ಅವರು ನಿವೃತ್ತರಾದ ಮೇಲೂ ಉಳಿಯುತ್ತದೆ.

ಎರಡನೆಯ ಆಕ್ಷೇಪ, ಮಕ್ಕಳು ಓದುವುದಿಲ್ಲ ಎಂಬುದು. ತಾಲ್ಲೂಕು ಕೇಂದ್ರದ ಯಾವುದೇ ವಾಚನಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಗುರಿ ಸ್ಪಷ್ಟವಿದ್ದರೆ ಗಂಟೆಗಟ್ಟಲೆ ಓದುವ ಮಕ್ಕಳು ಇವರೇ. ಆ ಓದಿನಿಂದ ಮುಂದಿನ ಓದಿಗೆ ದಾಟಿಸುವವರು ಬೇಕು. ಸಂವಿಧಾನದ ಬಗ್ಗೆ ಪ್ರಶ್ನೋತ್ತರ ಉರುಹೊಡೆಯುವ ಹುಡುಗನಿಗೆ ಅಂಬೇಡ್ಕರರ ಬರಹಗಳ ಒಂದು ಸಂಪುಟ ಕೈಗಿತ್ತು, ಈ ಅಧ್ಯಾಯವೊಂದನ್ನು ಓದಿಕೊಂಡು ಬಾ ಎಂದು ಹೇಳಬಲ್ಲವರು ಬೇಕು. ಅದಕ್ಕೆ ಆ ಹುಡುಗನ ಹೆಸರು ಗೊತ್ತಿರಬೇಕು, ಅವನು ಏನು ಓದುತ್ತಿದ್ದಾನೆಂದು ಗೊತ್ತಿರಬೇಕು. ಸಾವಿರ ಮಕ್ಕಳ ಕಾಲೇಜಿನಲ್ಲಿ ಮೂರೂ ವರ್ಷ ಎಲ್ಲ ವಿಭಾಗದವರನ್ನೂ ನೋಡುವ ಅವಕಾಶವಿರುವುದು ಗ್ರಂಥಪಾಲಕರಿಗೆ ಮಾತ್ರ. ಕನ್ನಡದ ಮೇಷ್ಟರಿಗೆ ವಿಜ್ಞಾನದ ಮಕ್ಕಳು ಅರ್ಧ ಗೊತ್ತು, ವಾಣಿಜ್ಯದ ಮೇಷ್ಟರಿಗೆ ಕಲಾ ವಿಭಾಗದವರು ಗೊತ್ತೇ ಇಲ್ಲ. ಗ್ರಂಥಪಾಲಕರು ಅಂಕ ಕೊಡುವವರೂ ಅಲ್ಲ, ಹಾಜರಿ ಹಾಕುವವರೂ ಅಲ್ಲ. ಹಾಗಾಗಿ ದಡ್ಡ ಪ್ರಶ್ನೆಯನ್ನೂ ಅವರ ಹತ್ತಿರ ಅಂಜಿಕೆಯಿಲ್ಲದೆ ಕೇಳಬಹುದು. ಈ ಸಲಿಗೆ ಈ ವೃತ್ತಿಗೆ ಸಿಕ್ಕಿರುವ ದೊಡ್ಡ ಸಂಪತ್ತು.

ಹಾಗಿದ್ದೂ ಅನೇಕ ಕಾಲೇಜುಗಳಲ್ಲಿ ಬೀರುಗಳಿಗೆ ಬೀಗ ಇರುವುದು ಯಾಕೆ? ಮುಖ್ಯ ಕಾರಣ ಭಯ. ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆ, ಆಡಿಟ್ ಆಕ್ಷೇಪಣೆ ಬರುತ್ತದೆ, ನಿವೃತ್ತಿಯ ಹೊತ್ತಿಗೆ ಅಡ್ಡ ಬರುತ್ತದೆ ಎಂಬ ಅಂಜಿಕೆ. ಅದು ಆಧಾರವಿಲ್ಲದ ಅಂಜಿಕೆಯೇನೂ ಅಲ್ಲ. ಆದರೆ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದನ್ನು ಓದಬೇಕು. ವರ್ಷದಲ್ಲಿ ಓದುಗರಿಗೆ ಕೊಟ್ಟ ಅಥವಾ ಅವರು ನೋಡಿದ ಪ್ರತಿ 1,000 ಪುಸ್ತಕಕ್ಕೆ ಐದು ಕಳೆದರೆ ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು ಎಂದು ಅದು ಹೇಳುತ್ತದೆ; ಅಪ್ರಾಮಾಣಿಕತೆಯಿಂದಲೋ ನಿರ್ಲಕ್ಷ್ಯದಿಂದಲೋ ಆದ ನಷ್ಟವಾಗಿರಬಾರದು ಅಷ್ಟೇ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಮತ್ತು ಅಪರೂಪದ ಪುಸ್ತಕ ಕಳೆದರೆ ವಿಚಾರಣೆ ಆಗಬೇಕು. ಪುಸ್ತಕ ಬಳಕೆಯಾದರೆ ಒಂದಿಷ್ಟು ಸವೆಯುತ್ತದೆ, ಒಂದಿಷ್ಟು ಕಳೆಯುತ್ತದೆ ಎಂಬ ವಿವೇಕ ಹಣಕಾಸಿನ ನಿಯಮದಲ್ಲೇ ಇದೆ. ಆ ನಿಯಮ ಕೇಂದ್ರದ ಕಚೇರಿಗಳಿಗಾಗಿ ಬರೆದದ್ದು. ಅದೇ ವಿವೇಕವನ್ನು ನಮ್ಮ ಪ್ರತಿಯೊಂದು ಕಾಲೇಜೂ, ಅದರ ಆಡಳಿತ ಮಂಡಳಿಯೂ ಲಿಖಿತವಾಗಿ ಒಪ್ಪಿಕೊಂಡರೆ ಬೀಗ ತೆಗೆಯುವ ಧೈರ್ಯ ಬರುತ್ತದೆ. ಒಂದು ಪುಸ್ತಕವೂ ಕಳೆಯದ ಗ್ರಂಥಾಲಯವನ್ನು ಹೊಗಳುವುದನ್ನು ನಾವು ನಿಲ್ಲಿಸಬೇಕು. ಈ ವರ್ಷ ಎಷ್ಟು ಪುಸ್ತಕ ಹೊರಗೆ ಹೋಯಿತು, ಎಷ್ಟು ಮಕ್ಕಳು ಒಳಗೆ ಬಂದರು ಎಂದು ಕೇಳಬೇಕು.

ಮೂರನೆಯ ಆಕ್ಷೇಪಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಹುದ್ದೆಗಳು ಎಲ್ಲಿವೆ ಎಂಬುದೇ ಆ ಪ್ರಶ್ನೆ. ನಿಯಮದ ಪ್ರಕಾರ ಈ ವೃತ್ತಿಗೆ ಗೌರವದ ಸ್ಥಾನವಿದೆ. ಯುಜಿಸಿಯ 2018ರ ನಿಯಮಾವಳಿಯಂತೆ ಕಾಲೇಜು ಗ್ರಂಥಪಾಲಕರಾಗಲು ಗ್ರಂಥಾಲಯ ವಿಜ್ಞಾನದಲ್ಲಿ ಶೇಕಡಾ 55 ಅಂಕಗಳ ಸ್ನಾತಕೋತ್ತರ ಪದವಿ, ಎನ್‌ಇಟಿ ಅಥವಾ ಕೆ-ಸೆಟ್ ಬೇಕು. ಆರಂಭದ ವೇತನ ಶ್ರೇಣಿ ಸಹಾಯಕ ಪ್ರಾಧ್ಯಾಪಕರದ್ದೇ, ತಿಂಗಳಿಗೆ 57,700 ರೂಪಾಯಿ ಮೂಲವೇತನ. ಬಡ್ತಿಯ ಮೆಟ್ಟಿಲುಗಳೂ ಇವೆ. ಆದರೆ ಸರ್ಕಾರಿ ಕಾಲೇಜುಗಳ ಕಾಯಂ ಹುದ್ದೆಗೆ ವರ್ಷವರ್ಷ ಅಧಿಸೂಚನೆ ಬರುವುದಿಲ್ಲ. ಖಾಸಗಿ ಕಾಲೇಜುಗಳು ಈ ವೇತನದ ಸಣ್ಣ ಪಾಲನ್ನು ಕೊಟ್ಟು, ಗ್ರಂಥಪಾಲಕರಿಂದ ಅಡ್ಮಿಷನ್ ಫಾರಂ, ಸ್ಕಾಲರ್‌ಷಿಪ್ ಅರ್ಜಿ, ಪರೀಕ್ಷಾ ಕೆಲಸವನ್ನೂ ಮಾಡಿಸಿಕೊಳ್ಳುವುದು ಸಾಮಾನ್ಯ. ಹತ್ತು ವರ್ಷ ತಾತ್ಕಾಲಿಕವಾಗಿ ದುಡಿದವರಿಗೆ ತೃಪ್ತಿಯ ಮಾತು ಹೇಳುವುದು ನ್ಯಾಯವಲ್ಲ. ಈ ವೃತ್ತಿ ಆರಿಸಿಕೊಳ್ಳುವವರು ಕಣ್ಣು ತೆರೆದುಕೊಂಡೇ ಬರಬೇಕು. ಪಿಯು ಕಾಲೇಜು, ಎಂಜಿನಿಯರಿಂಗ್ ಮತ್ತು ನರ್ಸಿಂಗ್ ಕಾಲೇಜು, ಸಾರ್ವಜನಿಕ ಗ್ರಂಥಾಲಯ ಇಲಾಖೆ, ಕೇಂದ್ರೀಯ ವಿದ್ಯಾಲಯ, ಸಂಶೋಧನಾ ಸಂಸ್ಥೆ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗ್ರಂಥಾಲಯ ತಂತ್ರಾಂಶ, ದತ್ತಾಂಶ ನಿರ್ವಹಣೆ, ಡಿಜಿಟಲೀಕರಣ ಗಟ್ಟಿಯಾಗಿ ಕಲಿತವರಿಗೆ ದಾರಿಗಳು ಹೆಚ್ಚು.

ಸಮಾಜವಾಗಿ ನಮ್ಮ ಕರ್ತವ್ಯ ಬೇರೆಯೇ ಇದೆ. ಖಾಲಿ ಹುದ್ದೆಯನ್ನು ಖರ್ಚು ಉಳಿತಾಯ ಎಂದು ನೋಡುವ ಲೆಕ್ಕ ತಪ್ಪು. ಪುಸ್ತಕಕ್ಕೆ ಹಣ ಕೊಟ್ಟು, ಕಟ್ಟಡಕ್ಕೆ ಹಣ ಕೊಟ್ಟು, ಗ್ರಂಥಪಾಲಕರನ್ನು ಕೊಡದಿದ್ದರೆ ಮೊದಲಿನ ಎರಡೂ ಖರ್ಚು ಫಲ ಕೊಡುವುದಿಲ್ಲ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ವರ್ಷಪೂರ್ತಿ ಪುಸ್ತಕ ಕೊಡುವ ಪುಸ್ತಕ ಬ್ಯಾಂಕು ಗ್ರಂಥಪಾಲಕರಿಲ್ಲದ ಕಡೆ ಕಾಗದದ ಮೇಲೆ ಮಾತ್ರ ನಡೆಯುತ್ತದೆ. 2021ರಲ್ಲಿ ರಾಜ್ಯದ ಕಾಲೇಜುಗಳಲ್ಲಿ ಹೊಸ ಶಿಕ್ಷಣ ನೀತಿ ಜಾರಿಗೆ ಬಂದು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದಾಗ ಪಠ್ಯಗಳೂ ಬದಲಾದವು. ಯಾವ ಪುಸ್ತಕ ಇನ್ನೂ ಉಪಯೋಗಕ್ಕೆ ಬರುತ್ತದೆ, ಯಾವುದನ್ನು ಹೊಸದಾಗಿ ತರಿಸಬೇಕು ಎಂದು ವಿಭಾಗದವರೊಡನೆ ಕೂತು ತೀರ್ಮಾನಿಸುವವರು ಇಲ್ಲದಿದ್ದರೆ ಅನುದಾನವೆಲ್ಲ ಮಾರ್ಚ್ ತಿಂಗಳಲ್ಲಿ ಸಿಕ್ಕ ಪುಸ್ತಕಕ್ಕೆ ಹೋಗುತ್ತದೆ. ನ್ಯಾಕ್ ಮೌಲ್ಯಮಾಪನದಲ್ಲಿ ಗ್ರಂಥಾಲಯವನ್ನು ಕಲಿಕೆಯ ಸಂಪನ್ಮೂಲವೆಂದೇ ಎಣಿಸಿದ್ದಾರೆ. ತಂಡ ಬರುವ ತಿಂಗಳಿನ ಸಡಗರ ಉಳಿದ ವರ್ಷವೂ ಇದ್ದರೆ ಸಾಕು.

ಕಾಲೇಜುಗಳು ಮಾಡಬಹುದಾದ್ದು ದುಬಾರಿಯದೇನಲ್ಲ. ವೇಳಾಪಟ್ಟಿಯಲ್ಲಿ ಪ್ರತಿ ತರಗತಿಗೂ ವಾರಕ್ಕೊಂದು ಲೈಬ್ರರಿ ಅವಧಿ ಇರಲಿ. ಆ ಅವಧಿಯ ಅಧ್ಯಾಪಕರು ಗ್ರಂಥಪಾಲಕರೇ ಆಗಲಿ. ಗ್ರಂಥಾಲಯದ ಸಮಯವನ್ನು ಬಸ್ಸಿನ ಸಮಯ ನೋಡಿ ಗೊತ್ತುಮಾಡಲಿ. ಬೆಳಗಿನ ಬಸ್ಸಿಗೆ ಬಂದ ಮಕ್ಕಳು ಮೊದಲ ತರಗತಿಯವರೆಗೆ ಅಂಗಳದಲ್ಲಿ ಕಾಯುವಂತಿರಬಾರದು. ಕಚೇರಿ ಕೆಲಸಕ್ಕೆ ಕಚೇರಿ ಸಿಬ್ಬಂದಿಯನ್ನೇ ಬಳಸಿಕೊಳ್ಳಲಿ. ಅಧ್ಯಾಪಕರು ಅಸೈನ್‌ಮೆಂಟ್ ಕೊಡುವ ಮುಂಚೆ ಗ್ರಂಥಪಾಲಕರೊಡನೆ ಒಮ್ಮೆ ಮಾತಾಡಲಿ. ಆಗ ಅಮೃತಾಪುರದ ವಿಷಯ ಕೊಟ್ಟ ದಿನವೇ ಬೇಕಾದ ಪುಸ್ತಕಗಳು ಮೇಜಿನ ಮೇಲೆ ಬಂದಿರುತ್ತವೆ.

ಈ ವೃತ್ತಿಗೆ ಬರಬೇಕೆನ್ನುವವರಿಗೆ ದಾರಿ ಹತ್ತಿರದಲ್ಲೇ ಇದೆ. ತರೀಕೆರೆಗೆ ದೂರವಲ್ಲದ ಶಂಕರಘಟ್ಟದಲ್ಲಿ, 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗವಿದೆ. ಯಾವ ವಿಷಯದಲ್ಲಿ ಡಿಗ್ರಿ ಮಾಡಿದವರೂ ಇಲ್ಲಿ ಅಪ್ರಯೋಜಕರಲ್ಲ. ಇತಿಹಾಸ ಓದಿದವರಿಗೆ ಶಾಸನ ಸಂಪುಟ ಗೊತ್ತಿರುತ್ತದೆ, ಸಸ್ಯಶಾಸ್ತ್ರ ಓದಿದವರಿಗೆ ಭದ್ರಾ ಕಾಡಿನ ಅಧ್ಯಯನಗಳು ಗೊತ್ತಿರುತ್ತವೆ, ಗಣಿತ ಓದಿದವರೊಬ್ಬರು ಈ ಶಾಸ್ತ್ರವನ್ನೇ ಕಟ್ಟಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಬಳ್ಳಾರಿ ಶಾಮಣ್ಣ ಕೇಶವನ್ ಮುಂದೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದ ಗ್ರಂಥಪಾಲಕರಾಗಿ ಸ್ವತಂತ್ರ ಭಾರತದ ಗ್ರಂಥಸೂಚಿಗೆ ಅಡಿಪಾಯ ಹಾಕಿದರು. ಪಾಠ ಮಾಡಬಲ್ಲವರಿಗೆ ಇದು ಕೆಳಗಿನ ಮೆಟ್ಟಿಲು ಎಂದು ರಂಗನಾಥನ್ ಆಗಲಿ ಕೇಶವನ್ ಆಗಲಿ ಕೊನೆಗೆ ಎಣಿಸಲಿಲ್ಲ.

ಹಳ್ಳಿಯಿಂದ ಬಂದು, ಯಾವ ಪುಸ್ತಕ ಕೇಳಬೇಕೆಂದು ತಿಳಿಯದೆ ಕೌಂಟರಿನ ಮುಂದೆ ನಿಂತವರೇ ಈ ಕೆಲಸಕ್ಕೆ ಹೆಚ್ಚು ತಕ್ಕವರು ಎಂದು ನನಗನ್ನಿಸುತ್ತದೆ. ಎದುರಿಗಿರುವ ಹುಡುಗಿಗೆ ಸಂಕೋಚ ಯಾಕಾಗುತ್ತಿದೆ ಎಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಎಂ.ಸಿ. ಹಳ್ಳಿಯ, ಶಿವನಿಯ, ರಂಗೇನಹಳ್ಳಿಯ ಮಕ್ಕಳು ಗ್ರಂಥಾಲಯ ವಿಜ್ಞಾನ ಓದಿ, ಇಂಥದೇ ತಾಲ್ಲೂಕಿನ ಕಾಲೇಜಿಗೆ ಮರಳಿ ಬರಬೇಕು, ಬೇರೆ ದಾರಿ ಮುಚ್ಚಿದ್ದರಿಂದಲ್ಲ, ಇದೇ ಬೇಕೆಂದು ಆರಿಸಿಕೊಂಡು. ಅವರು ಬಂದಾಗ ಅವರಿಗೆ ಕಾಯಂ ಹುದ್ದೆ, ತಕ್ಕ ಸಂಬಳ, ತೆರೆದ ಕಪಾಟು ಇವಿಷ್ಟು ಸಿಗುವಂತೆ ಮಾಡುವುದು ಸರ್ಕಾರದ, ಆಡಳಿತ ಮಂಡಳಿಗಳ, ಹಳೆಯ ವಿದ್ಯಾರ್ಥಿಗಳ ಕೆಲಸ. ಅಷ್ಟು ಸಿಕ್ಕರೆ, ಒಂದು ತಾಲ್ಲೂಕಿನ ಎರಡು ತಲೆಮಾರಿನ ಓದನ್ನು ರೂಪಿಸುವ ಶಕ್ತಿ ಒಬ್ಬ ಗ್ರಂಥಪಾಲಕರಿಗೆ ಇದೆ. ಒಂದು ಜೀವಮಾನವನ್ನು ಕೊಟ್ಟು ಪಡೆಯಲು ಅದು ಯೋಗ್ಯವಾದ ಫಲ.